ಕೊನೆಯ ಪಂಕ್ತಿಯ ಪೀಠ

ಮದುವೆಯ ಮನೆಯ ಊಟವು ಹೇಗಿದ್ದಿತೆಂಬುದನ್ನು ಮೊದಲನೆಯ ಪಂಕ್ತಿಯವರನ್ನು ಕೇಳಿ ತಿಳಿಯಲಾಗದು. ಮೊದಲನೆಯ ಪಂಕ್ತಿಗೆ ಎಲ್ಲಿಯಾದರೂ ತುಪ್ಪವು ಧಾರಾಳವಾಗಿಯೇ ಬೀಳುತ್ತದೆ. ಬಡಿಸಿ ಸೋತ ಮನೆಯವರೂ, ಅಡಿಗೆಯವರೂ, ಹಸಿದು ಕಾದ ಮಕ್ಕಳೂ ಕುಳಿತುಕೊಳ್ಳುವ ಕೊನೆಯ ಪಂಕ್ತಿಗೆ ಸಾರು ತೆಳ್ಳಗಾಗದೆ ಬಂದಿತೇ, ಹೋಳಿಗೆಯು ಎಲ್ಲರ ಎಲೆಗೂ ಮುಟ್ಟಿತೇ, ಎಂಬುದರ ಮೇಲೆ ಆ ಮನೆಯ ಯಜಮಾನನ ಯೋಗ್ಯತೆಯು ನಿಂತಿರುತ್ತದೆ. ಈ ಮಾತನ್ನು ನಮ್ಮ ತಾಯಿಯವರು ಹೇಳುವುದನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ಅದು ಮೋಟಾರು ಬಂಡಿಗೂ ಸಲ್ಲುವ ಮಾತೆಂದು ನಮಗೆ ಅರಿವಾಗಲು ಅರುವತ್ತು ವರುಷಗಳು ಹಿಡಿದುವು; ಅರಿವಾದ ರೀತಿಯೂ ಸುಖಕರವಾದುದಲ್ಲ.

ನಮ್ಮದು ಹಾಸನದಲ್ಲಿ ನೆಲೆಸಿರುವ ಏಳು ಜನರ ಸಂಸಾರ. ವೃದ್ಧರಾದ ತಾಯಿಯವರು, ನಾವು, ನಮ್ಮ ಮನೆಯವರು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ವರುಷಕ್ಕೊಮ್ಮೆಯಾದರೂ ಶಿರಾಡಿ ಘಾಟಿಯನ್ನಿಳಿದು ಸುಬ್ರಹ್ಮಣ್ಯಕ್ಕೂ ಧರ್ಮಸ್ಥಳಕ್ಕೂ ಹೋಗಿಬರುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಇದಕ್ಕಾಗಿಯೇ ನಾವು ಎತ್ತರವಾದ ದೊಡ್ಡ ಬಂಡಿಯೊಂದನ್ನು ಇಟ್ಟುಕೊಂಡಿದ್ದೆವು. ಅದನ್ನು ಮಾಡಿದವರಾರೆಂಬುದು ಇಲ್ಲಿ ಅನಾವಶ್ಯಕ. ಅದರ ಹಿಂಭಾಗದಲ್ಲಿ, ಅಂದಿನ ಅನೇಕ ಬಂಡಿಗಳಲ್ಲಿದ್ದಂತೆ, ಒಂದಕ್ಕೊಂದು ಎದುರಾಗಿ ಎರಡು ಅಡ್ಡ ಬೆಂಚುಗಳಿದ್ದುವು. ಅಲ್ಲಿ ಕುಳಿತವರು ರಸ್ತೆಯನ್ನು ನೋಡದೆ ಪರಸ್ಪರರ ಮುಖವನ್ನು ನೋಡಬೇಕು. ಸೀಟು ಬೆಲ್ಟೆಂಬುದು ಅಲ್ಲಿಗೆ ಇರಲೇ ಇಲ್ಲ. ಸ್ವಾಭಾವಿಕವಾಗಿಯೇ ಅದು ಮಕ್ಕಳ ಸ್ಥಳವಾಯಿತು. ಅವರು ಅಲ್ಲಿ ಆಡುತ್ತಲೂ ನಗುತ್ತಲೂ ಬರುತ್ತಿದ್ದರು; ನಾವು ಮುಂದೆ ಚಕ್ರವನ್ನು ಹಿಡಿದು, ಮಕ್ಕಳು ಸುಖವಾಗಿದ್ದಾರೆಂದು ಸಂತೋಷಪಡುತ್ತಿದ್ದೆವು. ಒಂಬತ್ತು ವರುಷಗಳಲ್ಲಿ ಒಮ್ಮೆಯಾದರೂ ನಾವು ಸ್ವತಃ ಅಲ್ಲಿ ಕುಳಿತು ನೋಡಿದವರಲ್ಲ.

2019ರ ಬೇಸಗೆಯಲ್ಲಿ ಘಾಟಿಯ ಒಂದು ತಿರುವಿನಲ್ಲಿ ದನಗಳ ಹಿಂಡೊಂದು ಇದ್ದಕ್ಕಿದ್ದಂತೆ ಅಡ್ಡ ಬಂದಿತು. ನಾವು ಬ್ರೇಕನ್ನು ಅದುಮಿದೆವು. ದನಗಳಿಗೆ ಏನೂ ಆಗಲಿಲ್ಲ. ಬಂಡಿಗೂ ಗೀರು ಕೂಡ ಬೀಳಲಿಲ್ಲ. ಆದರೆ ಆರು ವರುಷದ ಮೊಮ್ಮಗನು ಅಡ್ಡ ಬೆಂಚಿನಿಂದ ಜಾರಿ, ಮುಂದಿನ ಪೀಠದ ಕಬ್ಬಿಣಕ್ಕೆ ಹಣೆಯನ್ನು ತಾಗಿಸಿಕೊಂಡನು. ಸಕಲೇಶಪುರಕ್ಕೆ ಹಿಂದಿರುಗಿ ಹುಬ್ಬಿನ ಮೇಲೆ ನಾಲ್ಕು ಹೊಲಿಗೆಗಳನ್ನು ಹಾಕಿಸಬೇಕಾಯಿತು. ಹೊಲಿಗೆ ಹಾಕುವಾಗ ಅವನು ಅಷ್ಟಾಗಿ ಅಳಲಿಲ್ಲ. ಹೊರಗೆ ಬಂದ ಮೇಲೆ, “ತಾತ, ನೀವು ಯಾಕೆ ಬೀಳಲಿಲ್ಲ?” ಎಂದು ಕೇಳಿದನು. ನಮಗೆ ಬೆಲ್ಟು ಇದ್ದಿತು, ಅದಕ್ಕೆ ಬೀಳಲಿಲ್ಲ, ಎಂದು ಹೇಳಲು ನಮಗೆ ಬಾಯಿ ಬರಲಿಲ್ಲ. ತಪ್ಪು ಬಂಡಿಯದೆನ್ನುವುದಕ್ಕಿಂತ, ಕೂರಿಸಿದವರದು.

ಅಂದಿನಿಂದ ಆ ಬೆಂಚುಗಳ ಮೇಲೆ ಯಾರೂ ಕೂರಲಿಲ್ಲ. ಏಳು ಜನರು ಒಟ್ಟಿಗೆ ಹೋಗುವ ಪದ್ಧತಿಯೂ ನಿಂತಿತು. ನಾಲ್ಕು ವರುಷಗಳಾದ ಮೇಲೆ, 2023ರಲ್ಲಿ, ಮಗನು ಹೊಸ ಬಂಡಿಯ ಮಾತನ್ನೆತ್ತಿದನು. ಅವನ ಮನಸ್ಸು ಹೋಗಿದ್ದುದು ಮಹೀಂದ್ರಾದವರ ಸ್ಕಾರ್ಪಿಯೊ ಎನ್ ಎಂಬುದರ ಮೇಲೆ. 2002ರಲ್ಲಿ ಮೊದಲು ಹೊರಬಂದು ಹಳ್ಳಿಹಳ್ಳಿಗೂ ಪರಿಚಿತವಾದ ಸ್ಕಾರ್ಪಿಯೊವನ್ನು ಅವರು ಬುಡದಿಂದ ಹೊಸದಾಗಿ ರಚಿಸಿ 2022ರ ಜೂನ್ ತಿಂಗಳಲ್ಲಿ ಈ ಹೆಸರಿನಿಂದ ಮಾರುಕಟ್ಟೆಗೆ ತಂದರು. ಜುಲೈ 30ರಂದು ಮುಂಗಡವನ್ನು ತೆರೆದಾಗ ಅರ್ಧ ಗಂಟೆಯೊಳಗೆ ಒಂದು ಲಕ್ಷ ಬೇಡಿಕೆಗಳು ಬಂದುವೆಂದು ಅವರೇ ಪ್ರಕಟಿಸಿದರು. ಮಗನು ಇದರ ಗುಣಗಳನ್ನು ಕಂಠಪಾಠ ಮಾಡಿದ್ದನು: ಎರಡು ಲೀಟರಿನ ಪೆಟ್ರೋಲ್ ಯಂತ್ರ, 2.2 ಲೀಟರಿನ ಡೀಸೆಲ್ ಯಂತ್ರ, ಎಂಟು ಅಂಗುಲದ ಮುಟ್ಟುಪರದೆ, ಮೇಲಿನ ದರ್ಜೆಯಲ್ಲಿ ಹನ್ನೆರಡು ಸ್ಪೀಕರುಗಳು, ಹಿಮ, ಕೆಸರು, ಮರಳುಗಳಿಗೆ ಬೇರೆಬೇರೆಯಾಗಿ ಹೊಂದಿಕೊಳ್ಳುವ ನಾಲ್ಕು ಚಕ್ರಗಳ ಚಾಲನೆ. ಹಾಸನದಲ್ಲಿ ಹಿಮವು ಎಂದು ಬೀಳುವುದೆಂದು ನಮ್ಮ ಮನೆಯವರು ಕೇಳಿದರು. ನಾವು ಮಾತ್ರ ಒಂದೇ ಪ್ರಶ್ನೆಯನ್ನು ಕೇಳಿದೆವು: “ಕೊನೆಯ ಸಾಲು ಹೇಗಿದೆ?”

ಅಂಗಡಿಗೆ ಹೋದಾಗ ಅಲ್ಲಿಯ ತರುಣನು ವಿನಯದಿಂದ ಚಾಲಕನ ಬಾಗಿಲನ್ನು ತೆರೆದು ನಿಂತನು. ನಾವು ಹಿಂದಿನ ಸಾಲಿಗೆ ದಾರಿಯನ್ನು ಕೇಳಿದೆವು. “ಸರ್, ಅಲ್ಲಿ ಮಕ್ಕಳು ಕೂರೋದು ಸರ್,” ಎಂದನು. “ಅದಕ್ಕಾಗಿಯೇ ಕೇಳಿದ್ದಪ್ಪ,” ಎಂದೆವು. ಅವನು ನಕ್ಕು, ನಡುಸಾಲಿನ ಪೀಠವನ್ನು ಮಡಿಸಿ ಮುಂದಕ್ಕೆ ಉರುಳಿಸಿ, ಸಂದಿಯನ್ನು ಮಾಡಿಕೊಟ್ಟನು. ನಮ್ಮ ದೇಹಕ್ಕೆ ಆ ಸಂದಿಯು ಸುಲಭವಾಗಿರಲಿಲ್ಲ. ಕುಳಿತ ಮೇಲೆ ಮೊಣಕಾಲುಗಳು ಎದೆಯತ್ತ ಎದ್ದುವು. ದೊಡ್ಡವರು ಅಲ್ಲಿ ಗಂಟೆಗಟ್ಟಲೆ ಕೂರುವುದು ಕಷ್ಟವೇ ಸರಿ. ಆದರೆ ಮುಖವು ರಸ್ತೆಯ ಕಡೆಗಿದ್ದಿತು. ಬೆನ್ನಿಗೆ ಒರಗು ಇದ್ದಿತು. ಹೆಗಲಿಗೂ ಸೊಂಟಕ್ಕೂ ಬರುವ ಬೆಲ್ಟು ಇದ್ದಿತು. ಬಂಡಿಯು ಥಟ್ಟನೆ ನಿಂತಾಗ ಒಳಗಿರುವ ದೇಹವು ಹಿಂದಿನ ವೇಗದಲ್ಲಿಯೇ ಮುಂದಕ್ಕೆ ಹೋಗುತ್ತದೆ. ಮುಂದೆ ನೋಡಿ ಕುಳಿತವನನ್ನು ಬೆಲ್ಟು ಎಲುಬು ಗಟ್ಟಿಯಾಗಿರುವ ಎದೆಯಲ್ಲಿಯೂ ಸೊಂಟದಲ್ಲಿಯೂ ತಡೆದು ಹಿಡಿಯುತ್ತದೆ. ಅಡ್ಡ ಕುಳಿತ ಮಗುವಿಗಾದರೋ, ತಡೆಯುವುದಕ್ಕೆ ಪಕ್ಕದಲ್ಲಿ ಕುಳಿತ ತಂಗಿಯ ಹೊರತು ಬೇರೇನೂ ಇರುವುದಿಲ್ಲ.

ಬಂಡಿಯನ್ನು ಓಡಿಸಿ ನೋಡುವಾಗಲೂ ನಾವು ಅಲ್ಲಿಂದ ಏಳಲಿಲ್ಲ, ಮಗನು ಓಡಿಸಿದನು. ಗುಂಡಿಗಳಿಗೆ ಬರಗಾಲವಿಲ್ಲದ ರಸ್ತೆಯನ್ನೇ ಆರಿಸಿಕೊಂಡೆವು. ಈ ಬಂಡಿಯು ಲಾರಿಯಂತೆ ಏಣಿಯಾಕಾರದ ಉಕ್ಕಿನ ಚಾಸಿಯ ಮೇಲೆ ಕುಳಿತಿದೆ. ಇದರಿಂದ ಒರಟು ದಾರಿಯಲ್ಲಿ ಬಲವು ಹೆಚ್ಚು. ಹಿಂದೆ ಕುಳಿತವರಿಗೆ ಕುಲುಕಾಟವೂ ಹೆಚ್ಚುವ ಸಂಭವವುಂಟು. ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿಯಾದ ಅಚ್ಚಿಗೆ ಸೇರಿರುವ ಬಂಡಿಗಳಲ್ಲಿ, ಆ ಅಚ್ಚನ್ನು ಒಂದೇ ಅಡ್ಡ ಸರಳಿನಿಂದ ಹಿಡಿದಿದ್ದರೆ, ಚಕ್ರವು ಗುಂಡಿಯಲ್ಲಿಳಿದು ಏಳುವಾಗ ಅಚ್ಚು ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಚಲಿಸಿ ಬಂಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಇದನ್ನು ಹೆಚ್ಚಾಗಿ ಅನುಭವಿಸತಕ್ಕವರು ಅಚ್ಚಿನ ಬಳಿಯಲ್ಲಿಯೇ ಕುಳಿತಿರುವ ಕೊನೆಯ ಸಾಲಿನವರು. ಹೊಸ ರಚನೆಯಲ್ಲಿ ಇದಕ್ಕೆ ವಾಟ್ ಸಂಧಿಯೆಂಬ ಉಪಾಯವನ್ನು ಮಾಡಿದ್ದಾರೆ. ನಡುವೆ ತಿರುಗುವ ಒಂದು ಚಿಕ್ಕ ತುಂಡು. ಅದರ ಎರಡು ತುದಿಗಳಿಂದ ಎಡಕ್ಕೊಂದು ಬಲಕ್ಕೊಂದು ಸರಳು. ಒಂದು ಸರಳು ಎಡಕ್ಕೆ ಎಳೆದಷ್ಟನ್ನು ಇನ್ನೊಂದು ಬಲಕ್ಕೆ ಎಳೆದು ಸರಿದೂಗಿಸುವುದರಿಂದ ಅಚ್ಚು ನೆಟ್ಟಗೆ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಉಗಿಯಂತ್ರದಿಂದ ಪ್ರಖ್ಯಾತನಾದ ಜೇಮ್ಸ್ ವಾಟ್ ಮಹಾಶಯನು ತನ್ನ ಯಂತ್ರದ ದಂಡವು ನೆಟ್ಟಗೆ ಆಡಲೆಂದು 1784ರಲ್ಲಿ ಹಕ್ಕುಪತ್ರ ಪಡೆದ ಯುಕ್ತಿಯಿದು. ಇನ್ನೂರಕ್ಕೂ ಮೀರಿದ ವರುಷಗಳ ಬಳಿಕ ಅದು ಹಾಸನದ ಮಕ್ಕಳ ಬೆನ್ನನ್ನು ಕಾಯುವುದೆಂದು ಅವನು ಎಣಿಸಿರಲಾರನು. ಕುಲುಕಾಟವು ಪೂರ್ಣವಾಗಿ ತಪ್ಪಿತೆಂದು ನಾವು ಹೇಳುವುದಿಲ್ಲ. ದೊಡ್ಡ ಗುಂಡಿಗಳಲ್ಲಿ ನಮ್ಮ ತಲೆಯೂ ಆಡಿತು. ಆದರೆ ಹಳೆಯ ಬಂಡಿಯಲ್ಲಿ ಅಭ್ಯಾಸವಾಗಿದ್ದ ಅಡ್ಡ ಎಸೆತವು ಬಹಳ ಮಟ್ಟಿಗೆ ಕಡಮೆಯಾಗಿದ್ದಿತು. ಈ ಹೊಸ ಬಂಡಿಯು ಮೊದಲಿನ ಸ್ಕಾರ್ಪಿಯೊವಿಗಿಂತ ಉದ್ದದಲ್ಲಿ 206 ಮಿಲಿಮೀಟರೂ ಅಗಲದಲ್ಲಿ 97 ಮಿಲಿಮೀಟರೂ ಹೆಚ್ಚಾಗಿದ್ದು, ಎತ್ತರದಲ್ಲಿ ಅರ್ಧ ಗೇಣಿಗೆ ಸ್ವಲ್ಪ ಹೆಚ್ಚಾಗುವಷ್ಟು ತಗ್ಗಿರುವುದೂ ಬಂಡಿಯ ತೂಗಾಟ ತಗ್ಗಲು ಒಂದು ಕಾರಣ.

ಬಂಡಿಗಳನ್ನು ಬೇಕೆಂದೇ ತಡೆಗೋಡೆಗೆ ಹಾಯಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆಯುಂಟು. 2016ರಲ್ಲಿ ಅದು ಏರ್‌ಬ್ಯಾಗುಗಳಿಲ್ಲದ ಹಳೆಯ ಸ್ಕಾರ್ಪಿಯೊವನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹಾಯಿಸಿ, ದೊಡ್ಡವರ ರಕ್ಷಣೆಗೆ ಸೊನ್ನೆ ನಕ್ಷತ್ರವನ್ನು ಕೊಟ್ಟಿದ್ದಿತು. 2022ರ ಡಿಸೆಂಬರಿನಲ್ಲಿ ಹೊಸದಕ್ಕೆ ಐದು ನಕ್ಷತ್ರಗಳನ್ನು ಕೊಟ್ಟಿತು. ಆರು ವರುಷಗಳಲ್ಲಿ ಇದು ಕಡಮೆಯ ಮುನ್ನಡೆಯಲ್ಲ. ಆದರೆ ಜಾಹೀರಾತಿನಲ್ಲಿ ಐದೆಂಬ ಅಂಕಿಯನ್ನು ಕಂಡು ಸುಮ್ಮನಾಗತಕ್ಕದ್ದಲ್ಲ. ಅದು ದೊಡ್ಡವರ ಲೆಕ್ಕ. ಮಕ್ಕಳ ರಕ್ಷಣೆಗೆ ಅದೇ ಪರೀಕ್ಷೆಯಲ್ಲಿ ಬಂದುದು ಮೂರು ನಕ್ಷತ್ರಗಳು; 49ಕ್ಕೆ 28.93 ಅಂಕಗಳು. ಅಂದರೆ ಮೊದಲ ಪಂಕ್ತಿಗೂ ಕೊನೆಯ ಪಂಕ್ತಿಗೂ ಇಲ್ಲಿಯೂ ಸ್ವಲ್ಪ ಭೇದವು ಉಳಿದೇ ಇದೆ. ಏರ್‌ಬ್ಯಾಗುಗಳೂ 2022ರಲ್ಲಿ ಹೊರಬಂದಾಗ ಎಲ್ಲ ದರ್ಜೆಗಳಿಗೆ ಸಮನಾಗಿರಲಿಲ್ಲ. ಕೆಳಗಿನ ದರ್ಜೆಗಳಲ್ಲಿ ಎರಡು, ಮೇಲಿನವುಗಳಲ್ಲಿ ಆರು. ಒಂದೇ ಹೆಸರಿನ ಬಂಡಿಯಾದರೂ ಒಂದೇ ರಕ್ಷಣೆಯಲ್ಲ.

ರಾತ್ರಿ ಊಟವಾದ ಮೇಲೆ ಮಗನೊಂದಿಗೆ ಲೆಕ್ಕಕ್ಕೆ ಕುಳಿತೆವು. ಅವನಿಗೆ ನಾಲ್ಕು ಚಕ್ರಗಳ ಚಾಲನೆಯು ಬೇಕಾಗಿದ್ದಿತು. ಕೈಯಲ್ಲಿದ್ದ ಹಣಕ್ಕೆ ಅದೂ ಆರು ಏರ್‌ಬ್ಯಾಗುಗಳ ದರ್ಜೆಯೂ ಒಟ್ಟಿಗೆ ಒದಗುವಂತಿರಲಿಲ್ಲ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಒಳಗೆ ಮಲಗಿದ್ದ ಮಗನ ಕಡೆಗೆ ಒಮ್ಮೆ ನೋಡಿ, “ಕೆಸರಿನಲ್ಲಿ ಸಿಕ್ಕಿಕೊಂಡರೆ ಇಳಿದು ತಳ್ಳೋಣ, ಅಪ್ಪ,” ಎಂದನು. ಅಲ್ಲಿಗೆ ಆ ವಿಷಯವು ಮುಗಿಯಿತು.

ಹೊಸ ಬಂಡಿಯ ಕೊರತೆಗಳನ್ನೂ ಹೇಳಿಬಿಡುವುದು ನ್ಯಾಯ. ಕೊನೆಯ ಪೀಠವನ್ನು ಎತ್ತಿ ನಿಲ್ಲಿಸಿದರೆ ಅದರ ಹಿಂದೆ ಎರಡು ಕೈಚೀಲಗಳಿಗಿಂತ ಹೆಚ್ಚಿನ ಸಾಮಾನು ಹಿಡಿಯದು. ಉಳಿದುದಕ್ಕೆ ಮೇಲೆ ಕ್ಯಾರಿಯರನ್ನು ಹಾಕಿಸಬೇಕು. ಹಿಂಬಾಗಿಲು ಮನೆಯ ಬಾಗಿಲಿನಂತೆ ಪಕ್ಕಕ್ಕೆ ತೆರೆಯುವುದರಿಂದ ಗೋಡೆಗೆ ಒತ್ತಿ ನಿಲ್ಲಿಸುವಂತಿಲ್ಲ. ನೆಲವು ಎತ್ತರವಾದುದರಿಂದ ನಮ್ಮ ತಾಯಿಯವರನ್ನು ಹತ್ತಿಸುವುದಕ್ಕೆ ಇಬ್ಬರು ಬೇಕು.

ಬಂಡಿಯು ಬಂದ ತಿಂಗಳಿನಲ್ಲಿಯೇ ಏಳು ಜನರೂ ಸುಬ್ರಹ್ಮಣ್ಯಕ್ಕೆ ಹೊರಟೆವು. ಮನೆಯಲ್ಲಿ ಒಂದು ಕಟ್ಟಳೆಯನ್ನು ಮಾಡಿದ್ದೆವು: ಕೊನೆಯ ಸಾಲಿನಲ್ಲಿ ಪ್ರತಿ ಪ್ರಯಾಣದಲ್ಲಿಯೂ ದೊಡ್ಡವರೊಬ್ಬರು ಸರದಿಯಂತೆ ಕೂರತಕ್ಕದ್ದು, ಎಲ್ಲರ ಬೆಲ್ಟುಗಳೂ ಬಿದ್ದವೆಂದು ಅವರು ಹೇಳಿದ ಹೊರತು ಬಂಡಿಯು ಹೊರಡತಕ್ಕದ್ದಲ್ಲ. ಹಿಂದೆ ಕುಳಿತವರಿಗೂ ಹದಿನಾಲ್ಕು ವರುಷದೊಳಗಿನ ಮಕ್ಕಳಿಗೂ ಇದು ಕಾನೂನು. 2019ರ ತಿದ್ದುಪಡಿಯಂತೆ ತಪ್ಪಿದವರಿಗೆ ಸಾವಿರ ರೂಪಾಯಿಗಳ ದಂಡವೂ ಉಂಟು. ಮೊದಲ ಸರದಿಯು ನಮ್ಮದಾಯಿತು. ಹತ್ತು ವರುಷದವನಾಗಿದ್ದ ಮೊಮ್ಮಗನು ನಮ್ಮ ಪಕ್ಕದಲ್ಲಿ ಕುಳಿತನು. ಹುಬ್ಬಿನ ಮೇಲಿನ ಗುರುತು ಆಗಲೂ ಕಾಣುತ್ತಿದ್ದಿತು. ನಮ್ಮ ಕೈಗೆ ಬೆಲ್ಟಿನ ಕೊಂಡಿಯು ಸಿಕ್ಕದೆ ತಡಕಾಡುತ್ತಿದ್ದುದನ್ನು ಕಂಡು, ಅವನೇ ಬಾಗಿ ಅದನ್ನು ಟಕ್ಕೆಂದು ಸಿಕ್ಕಿಸಿದನು. ಆಮೇಲೆ ಮುಂದಕ್ಕೆ ಕೂಗಿ ಹೇಳಿದನು: “ಅಪ್ಪಾ, ತಾತನದೂ ಆಯಿತು. ಹೊರಡಿ.”

ವಾಚಕ ಮಹಾಶಯರಲ್ಲಿ ನಮ್ಮದೊಂದೇ ವಿಜ್ಞಾಪನೆ. ಯಾವ ತಯಾರಕರ ಬಂಡಿಯನ್ನಾದರೂ ಕೊಳ್ಳಿರಿ. ಹಣವನ್ನು ಎಣಿಸುವುದಕ್ಕೆ ಮೊದಲು ಕೊನೆಯ ಸಾಲಿನಲ್ಲಿ ಅರ್ಧ ಗಂಟೆ ಕುಳಿತು, ಕೆಟ್ಟ ರಸ್ತೆಯಲ್ಲಿ ಹೋಗಿಬನ್ನಿರಿ.