ಹುಲ್ಯಾನ ಉಪವಾಸ

ನಮ್ಮ ಹುಲ್ಯಾ ಮುಧೋಳ ನಾಯಿ. ಅಣ್ಣಿಗೇರಿಯ ಎರಿ ಹೊಲದಾಗ ಕಡಲಿ ಕಾಳುಗಟ್ಟುವ ದಿನಗಳಲ್ಲಿ ಅವನ ಓಟ ನೋಡಬೇಕು. ಅಂಥವನು ಒಂದು ಚಳಿಗಾಲ ಖಡಕ್ ರೊಟ್ಟಿಯನ್ನು ಬಾಯಲ್ಲಿ ಹಿಡಿದು ಹಾಗೇ ಕೆಳಗೆ ಬಿಡತೊಡಗಿದ. ಬಾಯಿ ವಾಸನೆ ಮೊದಲಿಂದಲೂ ಇತ್ತು. ನಾಯಿ ಬಾಯಿ ನಾರುವುದೇ ಸಹಜ ಎಂದು ಬಿಟ್ಟಿದ್ದೆವು. ವಯಸ್ಸಾಯಿತೆಂದು ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಹಾಕಿದೆ. ತಿಂದ. ಅಲ್ಲಿಗೆ ನಾನು ಅದನ್ನು ಮರೆತೆ.

ಎಮ್ಮೆಗೆ ಲಸಿಕೆ ಹಾಕಲು ಬಂದ ಡಾಕ್ಟರು ಅವನ ತುಟಿ ಎತ್ತಿ ತೋರಿಸಿದಾಗ ನನಗೆ ಗೊತ್ತಾಯಿತು. ಹಿಂದಿನ ಹಲ್ಲುಗಳಿಗೆ ಕಂದು ಬಣ್ಣದ ಪಾಚಿ ಕಲ್ಲಾಗಿ ಹತ್ತಿತ್ತು, ವಸಡು ಕೆಂಪಗೆ ಊದಿತ್ತು. ಹಲ್ಲಿನ ಮೇಲಿನ ಅಂಟಿಗೆ ಜೊಲ್ಲಿನ ಲವಣ ಸೇರಿದರೆ ಕೆಲವೇ ದಿನದಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಶ್ಶಿಗೆ ಬಗ್ಗುವುದಿಲ್ಲ. ಯಂತ್ರದಿಂದ ಕೆರೆದು ತೆಗೆಯಬೇಕು. ವಸಡಿನ ಕೆಳಗೂ ಕೆರೆಯಬೇಕು, ಎಚ್ಚರವಿರುವ ನಾಯಿ ಅದಕ್ಕೆ ಬಾಯಿ ಕೊಡುವುದಿಲ್ಲ. ಹಾಗಾಗಿ ಅರಿವಳಿಕೆ ಬೇಕೇ ಬೇಕು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮೂತ್ರಪಿಂಡ, ಯಕೃತ್ತು ಸರಿ ಇವೆಯೇ ಎಂದು ಮೊದಲು ರಕ್ತ ಪರೀಕ್ಷೆ ಮಾಡಿದರು. ಮುಧೋಳ ನಾಯಿಯಂಥ ಓಟದ ತಳಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್‌ನಂಥ ಅರಿವಳಿಕೆ ಔಷಧ ಕೊಟ್ಟರೆ ಅವು ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ ಎಂದು ತೂಕ, ತಳಿ ಎರಡನ್ನೂ ಬರೆದುಕೊಂಡರು. ನನಗೆ ವಹಿಸಿದ್ದು ಒಂದೇ ಕೆಲಸ: ರಾತ್ರಿ ಊಟದ ನಂತರ ಏನೂ ಹಾಕಬಾರದು, ಬೆಳಿಗ್ಗೆಯವರೆಗೆ ನೀರು ಕುಡಿದರೆ ನಡೆಯುತ್ತದೆ. ಎಳೆ ಮರಿಗೆ, ಸಕ್ಕರೆ ಕಾಯಿಲೆಯ ನಾಯಿಗೆ ಲೆಕ್ಕ ಬೇರೆಯಂತೆ. ಹುಲ್ಯಾನಿಗೆ ಇಷ್ಟೇ.

ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳಿ ಅವನು ಒಲಿ ಮುಂದೆ ಬಂದು ಕುಂತ. ನನ್ನ ಮುಖ ನೋಡಿದ. "ಹಾಕಬ್ಯಾಡ. ನಾ ಶ್ರಾವಣದಾಗ ಒಪ್ಪತ್ತು ಮಾಡಾಂಗಿಲ್ಲೇನ? ಒಂದ ರಾತ್ರಿಗೆ ಏನೂ ಆಗಾಂಗಿಲ್ಲ" ಎಂದಳು ಅವ್ವ. ಆಕೆ ನೀರು ತರಲು ಎದ್ದಾಗ ನಾನು ಹಾಲು-ರೊಟ್ಟಿ ಹಾಕಿಬಿಟ್ಟೆ. ಸ್ವಲ್ಪವೇ ಅಲ್ಲವೇ ಅನ್ನಿಸಿತ್ತು.

"ರಾತ್ರಿಂದ ಏನೂ ತಿನಸಿಲ್ಲಲ್ರಿ?" ಎಂದು ದವಾಖಾನೆಯಲ್ಲಿ ಡಾಕ್ಟರು ಕೇಳಿದರು.

"ಇಲ್ರಿ" ಅಂದೆ.

ಗಾಡಿ ಬಾಡಿಗೆ ಕೊಟ್ಟು ಬಂದಿದ್ದೆ, ವಾಪಸ್ ಕಳಿಸಿಯಾರೆಂಬ ಅಂಜಿಕೆ. ಅದಕ್ಕಿಂತ, ಹೇಳಿದ ಒಂದು ಮಾತು ನಡೆಸದ ಹಳ್ಳಿಯವ ಎಂದುಕೊಂಡಾರೆಂಬ ನಾಚಿಕೆ. ಮೊದಲ ಸೂಜಿ ಚುಚ್ಚಿ ಸ್ವಲ್ಪ ಹೊತ್ತಿಗೆ ಹುಲ್ಯಾ ಸ್ಟೀಲ್ ಮೇಜಿನ ಮೇಲೆ ವಾಂತಿ ಮಾಡಿದ. ಹಾಲು, ಅದರೊಳಗೆ ರೊಟ್ಟಿ ಚೂರು. ಡಾಕ್ಟರು ಮೇಜು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. "ಪೂರ್ತಿ ಮಂಪರು ಹತ್ತಿದ ಮ್ಯಾಲೆ ಇದು ಮ್ಯಾಲೆ ಬಂದಿದ್ರ ಕೆಮ್ಮಿ ಹೊರಗ ಹಾಕಾಕ ಅವಂಗ ಆಗ್ತಿರಲಿಲ್ಲ. ಸೀದಾ ಪುಪ್ಪಸಕ್ಕ ಹೋಗ್ತಿತ್ತು" ಎಂದರು. ಬಾಗಿಲ ಬಳಿ ಬುಟ್ಟಿಯಲ್ಲಿ ಬೆಕ್ಕು ಹಿಡಿದು ಕುಂತಿದ್ದವರೊಬ್ಬರು, ಯಾರೂ ಕೇಳದೆಯೇ, "ನಮ್ಮದಕ್ಕ ಏನೂ ಹಾಕಿಲ್ರಿ" ಅಂದರು. ಆ ಮೇಜನ್ನು ನಾನೇ ಒರೆಸುತ್ತೇನೆಂದೆ. ಬೇಡವೆಂದರು. ಕೈಗೊಂದು ಕೆಲಸವೂ ಇಲ್ಲದೆ ನಿಂತ ಆ ಹೊತ್ತನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಅವನು ಮಾತಾಡಲಾರ, ಡಾಕ್ಟರಿಗೆ ಇದ್ದದ್ದು ನನ್ನ ಮಾತೊಂದೇ. ಅದನ್ನೇ ಸುಳ್ಳು ಮಾಡಿದ್ದೆ.

ಮತ್ತೊಂದು ದಿನ ಗೊತ್ತು ಮಾಡಿದರು. ಆ ಸಲ ರಾತ್ರಿಯೇ ಅವನ ತಾಟು ಎತ್ತಿಟ್ಟು, ನಸುಕಿನಲ್ಲಿ ಒಲಿ ಹೊತ್ತುವ ಮುಂಚೆ ಹೊಲದ ಕಡೆ ಕರೆದೊಯ್ದೆ. ಕೆಲಸ ಮುಗಿದ ಮೇಲೆ ಡಾಕ್ಟರು ತಟ್ಟೆಯಲ್ಲಿ ಎರಡು ಹಲ್ಲು ತೋರಿಸಿದರು. 42 ಹಲ್ಲಿನಲ್ಲಿ ಉಳಿಸಲಾಗದವು ಅವೆರಡು, ಬೇರಿನ ಸುತ್ತ ಕೀವು. ಎಷ್ಟು ದಿನದ ನೋವೆಂದು ಕೇಳಿದೆ. ತಿಂಗಳುಗಟ್ಟಲೆ ಇದ್ದಿರಬೇಕು ಅಂದರು.

ಅಷ್ಟೂ ತಿಂಗಳು ಅವನು ನನ್ನ ಮುಂದೆಯೇ ಒಂದು ಮಗ್ಗುಲಲ್ಲಿ ಅಗಿದು ತಿಂದಿದ್ದ. ಆಗ ಕರಗದ ಕರುಳು ಒಂದು ಮುಂಜಾನೆಯ ಹಸಿವಿಗೆ ಕರಗಿತ್ತು. ಆ ಹಸಿವು ನನ್ನನ್ನು ನೋಡುತ್ತಿತ್ತು, ನೋವು ನೋಡುತ್ತಿರಲಿಲ್ಲ. ಕನಿಕರ ಎಂದುಕೊಂಡದ್ದರಲ್ಲಿ ಆ ನೋಟ ತಪ್ಪಿಸಿಕೊಳ್ಳುವ ಆತುರವೇ ಹೆಚ್ಚಿತ್ತೆಂದು ಈಗ ಅನ್ನಿಸುತ್ತದೆ.

ಈಗ ರಾತ್ರಿ ನಾಯಿಗೆಂದೇ ಇರುವ ಪೇಸ್ಟಿನಿಂದ ಅವನ ಹಲ್ಲು ತಿಕ್ಕುತ್ತೇನೆ. ನಮ್ಮ ಪೇಸ್ಟು ಅವಕ್ಕೆ ಆಗದು, ಉಗುಳದೆ ನುಂಗುತ್ತವೆ. ಎಡಗಡೆ ತಿಕ್ಕಲು ಸುಮ್ಮನೆ ಬಿಡುತ್ತಾನೆ. ಹಲ್ಲು ಕಿತ್ತ ಬಲಗಡೆಗೆ ಬೆರಳು ಹೋದರೆ ಇನ್ನೂ ಮುಖ ತಿರುಗಿಸುತ್ತಾನೆ.