ಮೈಕ್ರೋಮೀಟರ್ ಮೊದಲು, ಕ್ಯಾಟಲಾಗ್ ಆಮೇಲೆ

ಹಳೆಯ ಡಟ್ಸನ್ 620 ಪಿಕಪ್‌ನ ಎಂಜಿನ್ ಬಿಚ್ಚಿ ಮತ್ತೆ ಕಟ್ಟುವವರಿಗೆ ಸ್ಪ್ಯಾನರ್ ತಿರುಗಿಸುವುದಕ್ಕಿಂತ ಬಿಡಿಭಾಗ ಆರಿಸುವುದರಲ್ಲೇ ಹೆಚ್ಚು ಸುಖ. ಅಮೆರಿಕದಲ್ಲಿ ‘ಲಿಲ್ ಹಸ್ಲರ್’ ಎಂದು ಮುದ್ದಿಗೆ ಕರೆಸಿಕೊಂಡ ಈ ಪುಟ್ಟ ಗಾಡಿ ಅಲ್ಲಿ 1972ರಿಂದ 1979ರವರೆಗೆ ಮೂರು ಎಂಜಿನ್ ಕಂಡಿತು: ಮೊದಲು 1595 ಸಿಸಿಯ ಎಲ್16, 1974ರಲ್ಲಿ 1770 ಸಿಸಿಯ ಎಲ್18, ಮರುವರ್ಷದಿಂದ 1952 ಸಿಸಿಯ ಎಲ್20ಬಿ. ಮೂರೂ ಒಂದೇ ಮನೆತನದವು. ಅಣ್ಣನ ಅಂಗಿ ತಮ್ಮನಿಗೆ ಮುಕ್ಕಾಲುಪಾಲು ಆಗುತ್ತದೆ. ಎಡವಟ್ಟೆಲ್ಲ ಉಳಿದ ಕಾಲುಪಾಲಿನಲ್ಲಿದೆ. ಆದ್ದರಿಂದ ನನ್ನ ವಾದ ಇಷ್ಟು: ಒಂದು ಭಾಗ ಒಳ್ಳೆಯದೋ ಕೆಟ್ಟದೋ ಎಂಬುದನ್ನು ಅದರ ಪಕ್ಕದ ಭಾಗವೇ ಹೇಳಬೇಕು, ಅದನ್ನು ಕೇಳುವುದಕ್ಕೆ ಅಳತೆ ಬಿಟ್ಟರೆ ಬೇರೆ ಭಾಷೆಯಿಲ್ಲ.

ಕ್ಯಾಮ್‌ಶಾಫ್ಟ್‌ನ್ನೇ ನೋಡಿ. ಈ ಎಂಜಿನ್‌ಗಳಲ್ಲಿ ಅದು ಹೆಡ್‌ನ ಮೇಲೇ ಕೂತಿರುತ್ತದೆ. ಕೆಲವು ಹೆಡ್‌ಗಳಲ್ಲಿ ಕ್ಯಾಮ್‌ನ ಉದ್ದಕ್ಕೂ ಹಾಯುವ ಸಣ್ಣ ಕೊಳವೆಯಿಂದ ಆಯಿಲ್ ಚಿಮ್ಮುತ್ತದೆ. ಇನ್ನು ಕೆಲವುಗಳಲ್ಲಿ ಕ್ಯಾಮೇ ಟೊಳ್ಳು, ಲೋಬ್‌ಗಳಲ್ಲಿ ಕೊರೆದ ತೂತಿನಿಂದ ಆಯಿಲ್ ಒಸರುತ್ತದೆ. ತೂತಿಲ್ಲದ ಕ್ಯಾಮನ್ನು ಕೊಳವೆಯಿಲ್ಲದ ಹೆಡ್‌ಗೆ ಕೂರಿಸಿದರೆ ಎರಡೂ ಹೊಚ್ಚಹೊಸವಾಗಿದ್ದರೂ ಲೋಬ್‌ಗಳು ಸವೆದು ಹಾಳಾಗುತ್ತವೆ. ಹಳೆಯ ಕ್ಯಾಮನ್ನೇ ಗ್ರೈಂಡ್ ಮಾಡಿಸೋಣವೆಂದರೆ ಅದರ ಬುಡದ ಸುತ್ತಳತೆ ಕಿರಿದಾಗುತ್ತದೆ. ಆಗ ವಾಲ್ವ್ ತುದಿಗೆ ದಪ್ಪನೆಯ ಲ್ಯಾಶ್ ಪ್ಯಾಡ್ ಬೇಕು, ಇಲ್ಲವಾದರೆ ರಾಕರ್ ತನ್ನ ನಡುಭಾಗ ಬಿಟ್ಟು ಅಂಚಿನಲ್ಲಿ ಉಜ್ಜತೊಡಗುತ್ತದೆ. ಹೆಡ್ಡನ್ನು ಸ್ವಲ್ಪ ಹೆರೆಸಿದರಂತೂ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗಿ ಟೈಮಿಂಗ್ ಚೈನ್ ಸಡಿಲಾಗುತ್ತದೆ, ವಾಲ್ವ್‌ಗಳು ತೆರೆಯುವುದು ತಡವಾಗುತ್ತದೆ. ಚೈನ್ ಹಿಗ್ಗಿದಾಗ ಈ ತಡವನ್ನು ಸರಿಪಡಿಸಲೆಂದು ಕಂಪನಿಯವರು ಕ್ಯಾಮ್ ಸ್ಪ್ರಾಕೆಟ್‌ನಲ್ಲಿ ಮೂರು ತೂತು ಕೊಟ್ಟಿದ್ದಾರೆ. ಎಷ್ಟು ಹೆರೆಸಿದ್ದೀರಿ ಎಂಬ ಲೆಕ್ಕವಿಲ್ಲದೆ ಯಾವ ತೂತು ಎಂದು ಯಾವ ಅಂಗಡಿಯವನು ಹೇಳಿಯಾನು?

‘ಹೇಗೂ ಬಿಚ್ಚಿದ್ದಾಯಿತು, ದೊಡ್ಡದನ್ನೇ ಮಾಡಿಬಿಡೋಣ’ ಎನ್ನುವವರಿದ್ದಾರೆ. ಎಲ್16ರ ಸಿಲಿಂಡರ್ 83 ಮಿ.ಮೀ., ಸ್ಟ್ರೋಕ್ 73.7. ಪೂರಾ ಒಂದು ಮಿಲಿಮೀಟರ್ ಬೋರ್ ಮಾಡಿಸಿದರೂ ಗಿಟ್ಟುವುದು 39 ಸಿಸಿ. ಅಷ್ಟಕ್ಕಾಗಿ ಮುಂದಿನ ರೀಬೋರ್‌ಗೆಂದು ಉಳಿಯಬೇಕಿದ್ದ ಲೋಹವನ್ನು ಇವತ್ತೇ ಕಳೆದುಕೊಳ್ಳುವುದು ಜಾಣತನವಲ್ಲ. ಅರ್ಧ ಮಿಲಿಮೀಟರ್‌ಗೆ ಗೀರು ಹೋಗುವುದಾದರೆ ಅಲ್ಲಿಗೇ ನಿಲ್ಲಿಸಬೇಕು. ಎಲ್20ಬಿ ಹಾಕಿದರೇನು ಎಂಬ ಪ್ರಶ್ನೆಗೆ ಮಾತ್ರ ನಾನು ತಲೆಬಾಗುತ್ತೇನೆ. 86 ಮಿ.ಮೀ. ಸ್ಟ್ರೋಕ್‌ನ ಆ ಎಂಜಿನ್ ಹೊರೆ ಎಳೆಯುವುದಕ್ಕೆ ಹೇಳಿ ಮಾಡಿಸಿದ್ದು, ಈ ಗಾಡಿಗೆ ಹೊರಗಿನದೂ ಅಲ್ಲ. ಆದರೆ ಅದರ ಬ್ಲಾಕ್ ಸುಮಾರು 20 ಮಿ.ಮೀ. ಎತ್ತರ, ಚೈನ್ ಬೇರೆ, ಮುಂದಿನ ಕವರ್ ಬೇರೆ, ಎಕ್ಸಾಸ್ಟ್ ಪೈಪನ್ನೂ ಹೊಂದಿಸಿಕೊಳ್ಳಬೇಕು. ತರುವುದಾದರೆ ಇಡಿಯಾಗಿ ತನ್ನಿ. ಜತೆಗೆ ಹಳೆಯ 620ಗಳಿಗೆ ಮುಂದಿನ ಚಕ್ರಕ್ಕೂ ಡ್ರಮ್ ಬ್ರೇಕೇ ಇರುವುದನ್ನು ಮರೆಯಬೇಡಿ. ಶಕ್ತಿಯ ಆಸೆಯಲ್ಲಿರುವವರು ನಿಲ್ಲಿಸುವ ಮಾತನ್ನು ಏಕೋ ಕಡೆಗೆ ಎತ್ತುತ್ತಾರೆ.

ಕಂಪನಿಯ ಮೂಲ ಡಬ್ಬಿಯಲ್ಲಿ ಬಂದದ್ದೇ ಬೇಕೆಂದು ಹಟ ಹಿಡಿಯುವವರ ಮಾತು ಅರ್ಧ ನಿಜ. ಎಣ್ಣೆಕಾಗದ ಸುತ್ತಿಟ್ಟ ರಾಕರ್‌ಗೆ, ಕ್ರ್ಯಾಂಕ್‌ಗೆ ವಯಸ್ಸಾಗುವುದು ನಿಧಾನ. ಆಯಿಲ್ ಸೀಲ್, ಫ್ಯೂಯಲ್ ಹೋಸ್, ಕಾರ್ಬ್ಯುರೇಟರ್ ಡಯಾಫ್ರಮ್ ಹಾಗಲ್ಲ. ರಬ್ಬರ್ ಕಪಾಟಿನಲ್ಲೇ ಗಟ್ಟಿಯಾಗಿರುತ್ತದೆ. ಮೇಲಾಗಿ ಈಗಿನ ಪೆಟ್ರೋಲ್‌ನಲ್ಲಿ ಬೆರೆತ ಎಥೆನಾಲ್‌ಗೆ ಅಂದಿನ ರಬ್ಬರ್ ತಾಳುವುದಿಲ್ಲ. ಇಲ್ಲಿ ಹೊಸ ಕಾಲದ ಮಾಲೇ ಮೇಲು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಕಿಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ನಿಮ್ಮ ಕ್ರ್ಯಾಂಕ್ ಗ್ರೈಂಡ್ ಆಗಿದೆಯೋ ಇಲ್ಲವೋ ಆ ಪೆಟ್ಟಿಗೆಗೆ ಗೊತ್ತಿಲ್ಲ, ಆಗಿದ್ದರೆ ಒಳಗಿರುವ ಬೇರಿಂಗ್‌ಗಳು ಅದಕ್ಕೆ ತಕ್ಕವಲ್ಲ. ಹಾಗಾಗಿ ಸಿಲಿಂಡರ್ ಅಳೆದ ಮೇಲೆ ಪಿಸ್ಟನ್ ತರಿಸಿ. ಪಿಸ್ಟನ್ ಕೈಗೆ ಬಂದು, ಅದನ್ನೂ ಅಳೆದ ಮೇಲಷ್ಟೇ ಬ್ಲಾಕನ್ನು ಬೋರಿಂಗ್‌ಗೆ ಕೊಡಿ.