ಮಲಗಿದ ದೇವರ ಊರಿನಲ್ಲಿ

ತಂಗಿಯ ಮಗ ಕಾಂಬೋಡಿಯಾಕ್ಕೆ ಹೊರಟಿದ್ದಾನೆ. ಈ ಕಾಲದ ಹುಡುಗರ ಹಾಗೆ ಅವನೂ ಪ್ರವಾಸವನ್ನು ಎಕ್ಸೆಲ್ ಹಾಳೆಯಲ್ಲಿ ಪೂರ್ತಿ ಮುಗಿಸಿ ಆಮೇಲೆ ವಿಮಾನ ಹತ್ತುವವನು. ಬೆಳಗಿನ ಜಾವ ಅಂಗ್ಕೋರ್ ವಾಟ್‌ನ ಸೂರ್ಯೋದಯ, ಒಂಬತ್ತಕ್ಕೆ ಬಾಯೋನ್, ಹನ್ನೊಂದಕ್ಕೆ ತಾ ಪ್ರೋಮ್, ಹೀಗೆ ಗಂಟೆಗೊಂದು ಗುಡಿ. ಕೊನೆಯ ದಿನದ ಮಧ್ಯಾಹ್ನದ ಚೌಕ ಮಾತ್ರ ಖಾಲಿ ಉಳಿದಿತ್ತು. 'ಸಿಯೆಮ್ ರೀಪ್‌ನಲ್ಲಿ ಗುಡಿ ಬಿಟ್ಟು ಇನ್ನೇನು ಮಾಡಬಹುದು ಮಾವ?' ಎಂದು ಕೇಳಿದ. 'ಮಲಗಬಹುದು' ಎಂದೆ. ನಗುವ ಇಮೋಜಿ ಕಳಿಸಿ ಸುಮ್ಮನಾದ.

ನಾನು ತಮಾಷೆಗೆ ಹೇಳಿದ್ದಲ್ಲ. ಆ ಊರಲ್ಲಿ ಹೊತ್ತು ಕಳೆಯುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಪ್ಸಾರ್ ಚಾಸ್ ಎಂಬ ಹಳೇ ಮಾರುಕಟ್ಟೆಯಲ್ಲಿ ಪ್ರಹೋಕ್ ಮೀನಿನ ಘಾಟಿನ ನಡುವೆ ನಿಂತು ಕಾಂಪೋಟ್ ಕರಿಮೆಣಸು ಕೊಳ್ಳಬಹುದು. ಪ್ರಾಣಿಗಳೇ ಇಲ್ಲದ ಫಾರ್ ಸರ್ಕಸ್ ನೋಡಬಹುದು. ನೆಲದಲ್ಲಿ ಹೂತ ಬಾಂಬುಗಳನ್ನು ಮೂಸಿ ಹಿಡಿಯುವ ಆಫ್ರಿಕದ ದೊಡ್ಡ ಇಲಿಗಳಿಗೆ ನಮಸ್ಕಾರ ಹೇಳಿ ಬರಬಹುದು. ಇದನ್ನೆಲ್ಲ ಫೋನೇ ಹೇಳುತ್ತದೆ. ಮಲಗು ಎನ್ನುವುದಕ್ಕೆ ಮಾತ್ರ ನನ್ನಂಥ ಮಾವ ಬೇಕು.

ಮಲಗುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಶ್ರದ್ಧೆ. ಉಂಡ ಮೇಲೆ ಯಾವ ಭುಜ ಮೇಲೆ ಮಾಡಿ ಮಲಗಬೇಕೆಂದು ಸರ್ವಜ್ಞನೇ ಹೇಳಿಕೊಟ್ಟಿರುವಾಗ ಮಿಕ್ಕವರ ಮಾತೇಕೆ ಎಂಬುದು ನನ್ನ ವಾದ. ಅಜ್ಜಿ ಇದನ್ನು ಒಪ್ಪುತ್ತಿರಲಿಲ್ಲ. 'ಹಗಲು ಹೊತ್ತು ಬಿದ್ಕೊಂಡಿದ್ರೆ ಮನೇಲಿ ಲಕ್ಷ್ಮಿ ನಿಲ್ತಾಳೇನೋ?' ಎಂದು ಚಾಪೆ ಎಳೆಯುತ್ತಿದ್ದಳು. ಅದೇ ಅಜ್ಜಿ ಒಮ್ಮೆ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದಳು. ಸುತ್ತ ಕಾವೇರಿ, ಗರ್ಭಗುಡಿಯ ಕತ್ತಲು, ದೀಪದ ಬೆಳಕಿನಲ್ಲಿ ಆದಿಶೇಷನ ಮೇಲೆ ಆರಾಮಾಗಿ ಮೈಚಾಚಿದ ರಂಗನಾಥ, ಅವನ ಕಾಲ ಬಳಿ ಕಾವೇರಿ ತಾಯಿ. ನಾನು ಅಜ್ಜಿಯ ಮುಖ ನೋಡಿದೆ. 'ಅದು ಯೋಗನಿದ್ರೆ ಕಣೋ, ನಿನ್ನ ಹಾಗೆ ಗೊರಕೆ ಅಲ್ಲ' ಎಂದಳು. ಅವತ್ತಿನಿಂದ ನನ್ನ ನಿದ್ರೆಗೂ ಒಂದು ಯೋಗ ಸೇರಿಕೊಂಡಿತು.

ಆದಿರಂಗ, ಶಿವನಸಮುದ್ರದ ಮಧ್ಯರಂಗ, ಶ್ರೀರಂಗದ ಅಂತ್ಯರಂಗ ಎಂದು ಕಾವೇರಿ ಕವಲೊಡೆದು ದ್ವೀಪ ಮಾಡಿದಲ್ಲೆಲ್ಲ ವಿಷ್ಣು ಜಾಗ ಹಿಡಿದು ಮಲಗಿದ್ದಾನೆ. ಕಡಲಾಚೆಗೂ ಅವನು ಹೀಗೇ ನೀರಿನ ನಡುವೆ ಮಲಗಿದ್ದ ಎಂಬುದು ನನಗೆ ತಿಳಿದದ್ದು ಸಿಯೆಮ್ ರೀಪ್‌ನಲ್ಲಿ. ಅಲ್ಲಿ ಖ್ಮೇರ್ ದೊರೆಗಳು ದೇವರಿಗಾಗಿ ನೀರನ್ನೇ ಕಟ್ಟಿ ನಿಲ್ಲಿಸಿದರು. 11ನೆಯ ಶತಮಾನದ ಆ ಕೆರೆಯ ಹೆಸರು ಪಶ್ಚಿಮ ಬಾರಾಯ್. ಉದ್ದ ಸುಮಾರು 8 ಕಿಲೋಮೀಟರ್, ಅಗಲ 2 ಕಿಲೋಮೀಟರಿಗೂ ಹೆಚ್ಚು. ನಮ್ಮ ಕಡೆಯಂತೆ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿದ್ದಲ್ಲ. ಸಪಾಟು ನೆಲದ ಮೇಲೆ ನಾಲ್ಕೂ ಕಡೆ ಮಣ್ಣೇರಿಸಿ ನೀರು ತುಂಬಿಸಿದ್ದು. ನಡುಮಧ್ಯೆ ಮೆಬೊನ್ ಎಂಬ ದ್ವೀಪ, ದ್ವೀಪದಲ್ಲಿ ಗುಡಿ, ಗುಡಿಯಲ್ಲಿ 5 ಮೀಟರಿಗೂ ಮಿಕ್ಕಿದ ಕಂಚಿನ ಅನಂತಶಯನ.

1296ರಲ್ಲಿ ಚೀನದ ರಾಯಭಾರ ತಂಡದ ಜೊತೆ ಬಂದ ಝೌ ದಾಗುವಾನ್ ಸುಮಾರು ಒಂದು ವರ್ಷ ಅಂಗ್ಕೋರ್‌ನಲ್ಲಿದ್ದು, ಅಲ್ಲಿಯವರ ಸ್ನಾನ, ವ್ಯಾಪಾರ, ವ್ಯಾಜ್ಯ ಎಲ್ಲವನ್ನೂ ಬರೆದಿಟ್ಟ. ಕೆರೆಯ ನಡುವೆ ಕಂಚಿನ ಬುದ್ಧನೊಬ್ಬ ಮಲಗಿದ್ದಾನೆ, ಅವನ ಹೊಕ್ಕುಳಿಂದ ಸದಾ ನೀರು ಹರಿಯುತ್ತದೆ ಎಂದೂ ಬರೆದ. ಕೆರೆ ಊರಿನ ಪೂರ್ವಕ್ಕಿದೆ ಎಂದ. ಅವನು ಕಂಡದ್ದು ಪಶ್ಚಿಮದ ಕೆರೆಯ ಈ ವಿಷ್ಣುವನ್ನೇ ಎನ್ನುವುದು ಬಹುಪಾಲು ವಿದ್ವಾಂಸರ ಮಾತು. ಪುಣ್ಯಾತ್ಮ ದಿಕ್ಕನ್ನೂ ತಪ್ಪಿ, ದೇವರನ್ನೂ ತಪ್ಪಿ, ಹೊಕ್ಕುಳೊಂದನ್ನು ಸರಿಯಾಗಿ ನೋಡಿಕೊಂಡಿದ್ದ. ಕಮಲವೂ ಬ್ರಹ್ಮನೂ ಹುಟ್ಟಬೇಕಾದ ಜಾಗದಲ್ಲಿ ಖ್ಮೇರರು ನೀರು ಹರಿಸಿದ್ದರು. ಭತ್ತ ಬೆಳೆಯುವವರಿಗೆ ಬ್ರಹ್ಮನಿಗಿಂತ ನೀರು ಮುಖ್ಯವಲ್ಲವೇ!

ಆಮೇಲೆ ರಾಜ್ಯ ಹೋಯಿತು, ಗುಡಿ ಕುಸಿಯಿತು, ದೇವರು ಮಣ್ಣಿನಡಿ ಸೇರಿದ. 1936ರಲ್ಲಿ ಹಳ್ಳಿಯವನೊಬ್ಬನ ಕನಸಿನಲ್ಲಿ ಬುದ್ಧ ಕಾಣಿಸಿಕೊಂಡು, ಮೆಬೊನ್‌ನಲ್ಲಿ ಹೂತುಹೋಗಿದ್ದೇನೆ, ನನ್ನನ್ನು ಬಿಡಿಸು ಎಂದನಂತೆ. ಅವನ ಮಾತು ನಂಬಿ ಫ್ರೆಂಚ್ ಸಂರಕ್ಷಕ ಮಾರಿಸ್ ಗ್ಲೇಜ್ ಅಗೆಸಿದರೆ ಸಿಕ್ಕಿದ್ದು ವಿಷ್ಣುವಿನ ತಲೆ, ಹೆಗಲು ಮತ್ತು ಎರಡು ಬಲಗೈ. ಕನಸಿನಲ್ಲೂ ಅವನು ಬುದ್ಧನೆಂದೇ ಪರಿಚಯ ಹೇಳಿಕೊಂಡಿದ್ದ. ದಶಾವತಾರದ ಪಟ್ಟಿ ತೆಗೆದು ನೋಡಿದರೆ ಅದೂ ಸುಳ್ಳಲ್ಲ.

ಆ ತುಂಡನ್ನು ನೋಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಹತ್ತಿರದಿಂದ ನೋಡಿದ್ದೇನೆ. ಉಳಿದಿರುವ ಭಾಗವೇ 2 ಮೀಟರಿಗೂ ಹೆಚ್ಚಿದೆ. ಕಣ್ಣು, ಹುಬ್ಬು, ಮೀಸೆಯ ಜಾಗದಲ್ಲಿ ಈಗ ಬರೀ ತೋಡು. ಅಲ್ಲಿ ಕೂರಿಸಿದ್ದ ಬೆಲೆಬಾಳುವ ವಸ್ತುಗಳು ಯಾರ ಕೈ ಸೇರಿದವೋ. ಮೀಸೆ ಹೋದರೂ ಮುಖದ ನೆಮ್ಮದಿ ಹೋಗಿಲ್ಲ. 2024ರಲ್ಲಿ ಅವನನ್ನು ಫ್ರಾನ್ಸಿಗೆ ಒಯ್ದು, ಪರೀಕ್ಷಿಸಿ, ದುರಸ್ತಿ ಮಾಡಿ, ಮರುವರ್ಷ ಪ್ಯಾರಿಸ್‌ನ ಗಿಮೆ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಕ್ಕಿಟ್ಟರು. ವಿಮಾನದಲ್ಲೂ ಮಲಗಿಕೊಂಡೇ ಹೋಗಿರಬೇಕು. ನಮ್ಮಂಥವರಿಗೆ ಆ ಭಾಗ್ಯವಿಲ್ಲ.

ಇನ್ನು ಲಕ್ಷ್ಮಿಯ ವಿಷಯ. ಸಿಯೆಮ್ ರೀಪ್‌ನಿಂದ ಸುಮಾರು 50 ಕಿಲೋಮೀಟರ್ ದೂರ, ಕುಲೆನ್ ಬೆಟ್ಟದ ಸೀಮೆಯಲ್ಲಿ ಕ್ಬಾಲ್ ಸ್ಪಿಯನ್ ಎಂಬ ಹೊಳೆ. 1969ರಲ್ಲಿ ಜ್ಯಾಂ ಬೂಲ್ಬೆ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಹೊರಜಗತ್ತಿಗೆ ತೋರಿಸಿದ. ಹೊಳೆಯ ತಳದ ಬಂಡೆಯಲ್ಲೇ ಸಾಲು ಸಾಲು ಲಿಂಗಗಳು, ಅವುಗಳ ಜೊತೆಗೆ ಮಲಗಿದ ವಿಷ್ಣು, ಕಾಲ ಬಳಿ ಲಕ್ಷ್ಮಿ. 11ನೆಯ ಶತಮಾನದಿಂದ ಪ್ರತಿ ಮಳೆಗಾಲವೂ ಇಬ್ಬರ ಮೇಲೆ ನೀರು ಹರಿದಿದೆ. ಗಂಡ ಎದ್ದಿಲ್ಲ, ಹೆಂಡತಿ ಮನೆ ಬಿಟ್ಟಿಲ್ಲ. ಅಜ್ಜಿ ಬದುಕಿದ್ದರೆ ಫೋಟೋ ತೋರಿಸಿ ವಾದ ಗೆಲ್ಲುತ್ತಿದ್ದೆ.

ಮಲಗಿದವರನ್ನು ಎಬ್ಬಿಸಬಾರದೆಂಬ ಶಾಸ್ತ್ರವೂ ಅಲ್ಲಿ ನಡೆಯುತ್ತದೆ. ಬಾಫುವಾನ್ ಎಂಬ ಶಿವಾಲಯದ ಕಲ್ಲುಗಳನ್ನೇ ಕಿತ್ತು, 16ನೆಯ ಶತಮಾನದಲ್ಲಿ ಬೌದ್ಧರು ಅದರ ಪಶ್ಚಿಮದ ಗೋಡೆಗೆ ಸುಮಾರು 70 ಮೀಟರ್ ಉದ್ದದ ಮಲಗಿದ ಬುದ್ಧನನ್ನು ಕಟ್ಟಿದರು. 1960ರಿಂದ ಫ್ರೆಂಚರು ದುರಸ್ತಿಗೆಂದು ಗುಡಿಯನ್ನು ಬಿಚ್ಚುತ್ತಾ ಹೋಗಿ ಸುಮಾರು 3 ಲಕ್ಷ ಕಲ್ಲುಗಳನ್ನು ಸುತ್ತಲಿನ ಕಾಡಿನಲ್ಲಿ ಹರವಿದರು. ಯಾವ ಕಲ್ಲು ಎಲ್ಲಿಯದೆಂಬ ಲೆಕ್ಕವೆಲ್ಲ ಕಾಗದದಲ್ಲಿತ್ತು. ಯುದ್ಧ ಬಂತು, ಖ್ಮೇರ್ ರೂಜ್ ಬಂತು, ಕಾಗದಗಳು ನಾಶವಾದವು. 1995ರಲ್ಲಿ ಮತ್ತೆ ಶುರುವಾದ ಜೋಡಣೆ ಮುಗಿದದ್ದು 2011ರಲ್ಲಿ. ಬುದ್ಧನನ್ನು ಬಿಚ್ಚಿ ಆ ಕಲ್ಲನ್ನು ಮೂಲ ಗುಡಿಗೆ ವಾಪಸ್ಸು ಕೊಡಬಹುದಿತ್ತು. ಕೊಡಲಿಲ್ಲ. ಗುಡಿ ಮೊಟಕಾಗಿಯೇ ಇದೆ, ಬುದ್ಧ ಮಲಗಿಯೇ ಇದ್ದಾನೆ.

ದೇವರುಗಳೇ ಹೀಗೆ ಮಲಗಿದ ಮೇಲೆ ಜನ ಯಾಕೆ ಎದ್ದಿರಬೇಕು? 37 ಡಾಲರಿನ ಟಿಕೆಟ್ ವಸೂಲು ಮಾಡಲು ಪ್ರವಾಸಿಗಳು ಮಟಮಟ ಮಧ್ಯಾಹ್ನ ಕಡಿದಾದ ಮೆಟ್ಟಿಲು ಹತ್ತಿ ಇಳಿಯುತ್ತಿರುವಾಗ ಹೊರಗೆ ಮರದಡಿ ಟುಕ್‌ಟುಕ್ಕಿನವರನ್ನು ನೋಡಬೇಕು. ಗಾಡಿಯ ಕಂಬಗಳಲ್ಲಿ ಮೊದಲೇ ಕೊಂಡಿ ಇರುತ್ತದೆ. ಸೀಟಿನಡಿಯಿಂದ ಮಡಿಸಿದ ಜೋಲಿ ಹೊರಬರುತ್ತದೆ, ಒಂದು ತುದಿ ಅಲ್ಲಿ, ಇನ್ನೊಂದು ಇಲ್ಲಿ. ಚಪ್ಪಲಿ ಮೆಟ್ಟಿಲ ಮೇಲೆ ಜೋಡಿಯಾಗಿ, ಚೌಕಳಿಯ ಕ್ರಾಮಾ ಮುಖದ ಮೇಲೆ. ನಾವು ಬೆವರೊರೆಸಿಕೊಂಡು ಬರುವ ಹೊತ್ತಿಗೆ ಅವರದೊಂದು ನಿದ್ದೆ ಆಗಿರುತ್ತದೆ.

ಭಾನುವಾರ ಬಂತೆಂದರೆ ಊರಿನ ಸಂಸಾರಗಳು ಪಶ್ಚಿಮ ಬಾರಾಯ್ ಏರಿಗೆ ಬರುತ್ತವೆ. ನಾನು ಹೋದಾಗ ಸೋಗೆ ಚಪ್ಪರಗಳಲ್ಲಿ ಕಂಬದಿಂದ ಕಂಬಕ್ಕೆ ಜೋಲಿ ಕಟ್ಟಿತ್ತು. ಸುಟ್ಟ ಕೋಳಿ, ಸುಟ್ಟ ಮೀನು, ಉಪ್ಪು-ಖಾರದ ಮಾವಿನಕಾಯಿ, ಟೈರಿನ ಟ್ಯೂಬ್ ಹಿಡಿದು ನೀರಿಗೆ ಹಾರುವ ಮಕ್ಕಳು. ಕೆರೆಯ ಪೂರ್ವದ ತುದಿ ಹೂಳು ತುಂಬಿ ಗದ್ದೆಯಾಗಿದೆ. ಪಶ್ಚಿಮದಲ್ಲಿ ಇನ್ನೂ ನೀರಿದೆ. ನೀರಿನಾಚೆ ಅದೇ ಮೆಬೊನ್. ಯಾರೂ ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ನಾನೂ ಸ್ವಲ್ಪ ಹೊತ್ತು ನೋಡಿ, ಎಡಭುಜ ಕೆಳಗೆ ಮಾಡಿ ಮಲಗಿದೆ.

ಅಂಗ್ಕೋರ್‌ಗೆ ಹೊರಟವರಲ್ಲಿ ಒಂದೇ ವಿನಂತಿ. ನಿಮ್ಮ ಪಟ್ಟಿಯಿಂದ ಎರಡು ಗುಡಿಗಳನ್ನು ಹೊಡೆದುಹಾಕಿ; ನಾಲ್ಕನೆಯ ದಿನದ ಹೊತ್ತಿಗೆ ಎಲ್ಲ ಗೋಪುರಗಳೂ ಹೇಗಿದ್ದರೂ ಒಂದೇ ಥರ ಕಾಣತೊಡಗುತ್ತವೆ. ಆ ಹೊತ್ತಿನಲ್ಲಿ ನೀರಿನ ಪಕ್ಕ ಎಲ್ಲಾದರೂ ನೆರಳು ಹುಡುಕಿ ಮಲಗಿ. ಫೋನನ್ನು ಚಪ್ಪಲಿಯ ಜೊತೆಗೆ ಕೆಳಗಿಡಿ.